ಮಂಗಳವಾರದ ಅಳು

ನನ್ನ ಮಗಳು ಹುಟ್ಟಿದ ಹೊಸದರಲ್ಲಿ ನಾನು ಅವಳನ್ನು ಮುದ್ದು ಮಾಡಿದ್ದಕ್ಕಿಂತ ಸುಮ್ಮನೆ ನೋಡುತ್ತಾ ಕೂತಿದ್ದೇ ಹೆಚ್ಚು. ಹೀಗೆಂದರೆ ಈಗ ಅವಳಿಗೆ ಸಿಟ್ಟು ಬರುತ್ತದೆ. ಬರಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿ, ರಿಸಲ್ಟ್ ಬರುವ ಮೊದಲೇ ಮದುವೆಯಾಗಿ, ನಾನು ಕಾರ್ಗಲ್ಲಿನ ಕ್ವಾರ್ಟರ್ಸ್ ಸೇರಿದ್ದೆ. ಇವರಿಗೆ ಅಲ್ಲಿ ವಿದ್ಯುತ್ ಯೋಜನೆಯಲ್ಲಿ ಕೆಲಸ. ಓದಿದ್ದು ಯಾವುದಕ್ಕೂ ಬಾರದೆ ಹೋಯಿತೆಂಬ ಉರಿ ಒಳಗೊಳಗೇ ಇತ್ತು. ಬಾಣಂತನಕ್ಕೆ ತೀರ್ಥಹಳ್ಳಿಯ ತವರಿಗೆ ಬಂದು ಮೂರು ತಿಂಗಳು ಒಂದೇ ಕೋಣೆಯಲ್ಲಿ ಕೂರಬೇಕಾಗಿ ಬಂದಾಗ, ನೋಡಲು, ಬರೆದಿಡಲು, ತಲೆ ಕೆಡಿಸಿಕೊಳ್ಳಲು ನನಗೆ ಸಿಕ್ಕಿದ್ದು ತೊಟ್ಟಿಲಲ್ಲಿದ್ದ ಆ ಒಂದು ಜೀವ ಮಾತ್ರ.

ಕೋಣೆಯ ಗೋಡೆಗೆ ನಮ್ಮ ಜವಳಿ ಅಂಗಡಿಯ ಕ್ಯಾಲೆಂಡರು ತೂಗುತ್ತಿತ್ತು. ಅದರ ಒಂದೊಂದು ತಾರೀಕಿನ ಚೌಕದಲ್ಲಿ ಪೆನ್ಸಿಲಿನಿಂದ ಸಣ್ಣಕ್ಷರದಲ್ಲಿ ಬರೆಯುತ್ತಿದ್ದೆ. ಮಲಗಿದ್ದು ಎಷ್ಟು ಹೊತ್ತಿಗೆ, ಎದ್ದದ್ದು ಎಷ್ಟು ಹೊತ್ತಿಗೆ, ಹೊಸದಾಗಿ ಏನು ಮಾಡಿತು. 'ಮುಷ್ಟಿ ಬಿಚ್ಚಿತು.' 'ದೀಪದ ಕಡೆ ಕಣ್ಣು ಹೊರಳಿಸಿತು.' 'ನಿದ್ದೆಯಲ್ಲಿ ಬಾಯಿಯ ಎಡಗಡೆ ಮಾತ್ರ ನಕ್ಕಿತು.' ಹಗಲೆಲ್ಲ ಕುಂಭಕರ್ಣನ ನಿದ್ದೆ, ರಾತ್ರಿ ಮಾತ್ರ ಗಳಿಗೆಗೊಮ್ಮೆ ಎಚ್ಚರ. ಕೂಸಿಗೆ ಹಗಲು ರಾತ್ರಿ ಅದಲು ಬದಲಾಗಿದೆ, ಮೂರು ತಿಂಗಳಿಗೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಯಾಕೆ ಅದಲು ಬದಲಾಗುತ್ತದೆ ಎಂದು ಕೇಳಿದರೆ ನಕ್ಕು ಬೇರೆ ಮಾತು ಎತ್ತುತ್ತಿದ್ದರು.

ಅಮ್ಮನಿಗೆ ನನ್ನ ಬರವಣಿಗೆ ಕಂಡರಾಗುತ್ತಿರಲಿಲ್ಲ.

"ಮಗಿನ ನಿದ್ದೆನೆಲ್ಲ ಹೀಗೆ ಬರ್ದಿಡಬಾರ್ದು ಕಣೆ. ದೃಷ್ಟಿ ಆಗ್ತದೆ."

"ಬರ್ದಿದ್ದು ನಾನೇ ಅಲ್ಲನಾ? ಹೆತ್ತೋಳ ದೃಷ್ಟಿನೂ ತಾಗ್ತದಾ?"

"ಹೆತ್ತೋಳ ದೃಷ್ಟಿನೇ ಮೊದ್ಲು ತಾಗದು. ಸುಮ್ನೆ ಮಲ್ಕ."

ನಮ್ಮದು ಪೇಟೆಯೊಳಗಿನ ಜೈನರ ಮನೆ. ಮುಂದೆ ಅಪ್ಪಯ್ಯನ ಜವಳಿ ಅಂಗಡಿ, ಹಿಂದೆ ನಾವು, ನಮ್ಮ ಹಿಂಗೋಡೆಗೆ ತಾಗಿಕೊಂಡೇ ಅಕ್ಕಿ ಮಿಲ್ಲು. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಮಧ್ಯಾಹ್ನ ಒಂದಕ್ಕೆ ಊಟಕ್ಕೆ ನಿಲ್ಲುತ್ತಿತ್ತು. ಎರಡಕ್ಕೆ ಮತ್ತೆ ಹೊರಟು ಸಂಜೆ ಐದೂವರೆಗೆ ಮುಗಿಯುತ್ತಿತ್ತು. ಯಂತ್ರ ಓಡುವಾಗ ನಮ್ಮ ಗೋಡೆಯ ಗೂಡಿನಲ್ಲಿದ್ದ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಹೊಸಬರು ಬಂದರೆ ಐದು ನಿಮಿಷಕ್ಕೆ ಕಿವಿ ಮುಚ್ಚಿಕೊಂಡು, "ಈ ಸದ್ದಲ್ಲಿ ಹೆಂಗಿರ್ತೀರಿ ಮಾರಾಯ್ರೆ?" ಎನ್ನುತ್ತಿದ್ದರು. ಅಮ್ಮ, "ಯಾವ ಸದ್ದು?" ಎಂದು ಕೇಳುತ್ತಿದ್ದಳು. ತಮಾಷೆಗಲ್ಲ, ಅವಳಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಪದ್ಧತಿ ನಮ್ಮದು. ಸಂಜೆ ಅಮ್ಮ ಒಂದು ದಿನವೂ ಗಡಿಯಾರ ನೋಡದೆ ಸರಿಯಾದ ಹೊತ್ತಿಗೆ ಬಟ್ಟಲು ಇಡುತ್ತಿದ್ದಳು. ಹೇಗೆ ಗೊತ್ತಾಗುತ್ತದೆ ಎಂದರೆ, "ಹೊತ್ತಾದ್ದು ಗೊತ್ತಾಗಲ್ವಾ?" ಎನ್ನುತ್ತಿದ್ದಳು.

ನನಗಂತೂ ಆ ಮೂರು ತಿಂಗಳು ಯಾವ ಸದ್ದೂ ನೆಟ್ಟಗೆ ಕೇಳುತ್ತಿರಲಿಲ್ಲ. ನನ್ನನ್ನೂ ಮಗುವನ್ನೂ ಮೀಯಿಸಲು ಬರುತ್ತಿದ್ದ ಅಜ್ಜಿ ಮೊದಲ ದಿನವೇ ನನ್ನ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲಿಂದ ಹಳೆಯ ಪಂಚೆಯ ತುಂಡನ್ನು ತಲೆಗೆ ಬಿಗಿದು ಕಟ್ಟಿದ್ದಳು. ಬಾಣಂತಿಯ ಕಿವಿಗೆ ಗಾಳಿ ಹೋದರೆ ವಯಸ್ಸಾದ ಮೇಲೆ ತಲೆಶೂಲೆ ಬರುತ್ತದಂತೆ. ದಿನಾ ಬಿಸಿನೀರು ಹೊಯ್ದು, ಮೈಗೆ ಸಾಂಬ್ರಾಣಿ ಹೊಗೆ ಹಿಡಿದಾದ ಮೇಲೆ ಹಳೆಯ ಹತ್ತಿ ತೆಗೆದು ಹೊಸ ಹತ್ತಿ ಇಡುವುದು ಅವಳ ಕೆಲಸ. ಬಿ.ಎಸ್ಸಿ. ಓದಿದವಳೆಂಬ ನನ್ನ ಜಂಬ ಅವಳ ಮುಂದೆ ನಡೆಯುತ್ತಿರಲಿಲ್ಲ. ಯಾರಾದರೂ ಮಾತಾಡಿದರೆ ಅವರ ಬಾಯಿ ನೋಡಿಕೊಂಡು ಅರ್ಧ ಊಹಿಸುತ್ತಿದ್ದೆ.

ಮಗುವಿಗೆ ಒಂದು ತಿಂಗಳು ತುಂಬಿದ ಮೇಲೆ ತೊಟ್ಟಿಲು ಶಾಸ್ತ್ರ ಇಟ್ಟುಕೊಂಡರು. ಹೊಸನಗರದಿಂದ ಅತ್ತೆ, ಅಂದರೆ ಇವರ ತಾಯಿ, ಬಂದರು. ಅಕ್ಕಪಕ್ಕದ ಹೆಂಗಸರೆಲ್ಲ ಸೇರಿ ಜೋಗುಳ ಹೇಳಿದರು, ನಕ್ಕರು, ಚಿಕ್ಕ ಮಕ್ಕಳು ತೊಟ್ಟಿಲ ಸುತ್ತ ಕಿರುಚುತ್ತಾ ಓಡಿದವು. ಯಾರೋ ಹಾಲಿನ ತಂಬಿಗೆ ಬೀಳಿಸಿದರು. ಮಗಳು ಮಾತ್ರ ರೆಪ್ಪೆ ಅಲುಗಿಸದೆ ಮಲಗಿತ್ತು. "ಎಂಥ ಒಳ್ಳೆ ಕೂಸು!" ಎಂದು ಬಂದವರೆಲ್ಲ ಹೊಗಳಿದರು. ನನಗೂ ಹೆಮ್ಮೆಯಾಗಿತ್ತು. ಅತ್ತೆ ಮಾತ್ರ ಹೊಗಳಲಿಲ್ಲ. ಎಲ್ಲರೂ ಹೋಗುವವರೆಗೆ ಗೋಡೆಗೊರಗಿ ತೊಟ್ಟಿಲನ್ನೇ ನೋಡುತ್ತಾ ಕೂತಿದ್ದರು.

ಮನೆ ಖಾಲಿಯಾದ ಮೇಲೆ ಅತ್ತೆ ಅಡುಗೆ ಮನೆಗೆ ಹೋಗಿ ಒಂದು ಕಂಚಿನ ಬಟ್ಟಲು, ಒಂದು ಸೌಟು ತಂದರು. ಮಗುವಿನ ಕುಲಾವಿಯ ದಾರ ಬಿಚ್ಚಿ, ಕಿವಿ ಕಾಣುವ ಹಾಗೆ ಹಿಂದಕ್ಕೆ ಸರಿಸಿದರು. ತೊಟ್ಟಿಲ ತಲೆಯ ಹಿಂದೆ ನಿಂತು ಬಟ್ಟಲಿಗೆ ಹೊಡೆದರು. ಹತ್ತಿ ತುರುಕಿದ ನನ್ನ ಕಿವಿಗೇ ಅದು ಚುಚ್ಚಿತು. ಮಗು ಮಲಗಿಯೇ ಇತ್ತು. ಮತ್ತೊಮ್ಮೆ ಹೊಡೆದರು. ಮಗುವಿನ ತುಟಿ ಚೂರು ಅಲುಗಿ ಸುಮ್ಮನಾಯಿತು.

ಅತ್ತೆ ಬಟ್ಟಲನ್ನು ನೆಲಕ್ಕಿಟ್ಟು ನನ್ನ ಹತ್ತಿರ ಕೂತರು. ನನಗೆ ಕೇಳಲೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

"ಹೆದರ್ಸಬೇಕು ಅಂತ ಹೇಳ್ತಾ ಇಲ್ಲ ಮಗಾ. ನನ್ನ ತಂಗಿ ಸಣ್ಣೋಳಿದ್ದಾಗ ಹೀಗೇ ಮಲಗ್ತಿತ್ತು. ಮನೆಗೆ ಬಂದೋರೆಲ್ಲ ಹೀಗೇ ಹೊಗಳ್ತಿದ್ರು."

ಅತ್ತೆಯ ತಂಗಿಯನ್ನು ನಾವು ಚಿಕ್ಕತ್ತೆ ಎನ್ನುತ್ತಿದ್ದೆವು. ಹುಟ್ಟಿನಿಂದಲೇ ಅವರಿಗೆ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಇರಲಿಲ್ಲ. ಮದುವೆಯಾಗದೆ, ಹೊಸನಗರದ ಅಕ್ಕನ ಮನೆಯಲ್ಲೇ ಇದ್ದುಕೊಂಡು, ಬೆಳಗಿನಿಂದ ಸಂಜೆವರೆಗೆ ಕೆಲಸ ಮಾಡುತ್ತಿದ್ದರು. ಊರವರು ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ, ಮೂಗಿ ಎಂದೇ ಅವರ ಹೆಸರು. ಕೆಲಸ ಮಾಡುವಾಗ ಅವರ ಗಂಟಲಿನಿಂದ ಒಂದು ದನಿ ಹೊರಡುತ್ತಿತ್ತು. ಹಾಡಲ್ಲ, ಮಾತಲ್ಲ, ಮ್ ಮ್ ಎಂದು ಒಂದೇ ಸಮನೆ. ತಮ್ಮಿಂದ ಅದು ಹೊರಡುತ್ತಿದೆ ಎಂಬುದೇ ಅವರಿಗೆ ಗೊತ್ತಿರಲಿಕ್ಕಿಲ್ಲ. ಮದುವೆಯಾದ ಹೊಸದರಲ್ಲಿ ಆ ದನಿ ಕೇಳಿದರೆ ನಾನು ಬೇರೆ ಕಡೆ ಸರಿದುಬಿಡುತ್ತಿದ್ದೆ. ಅವರು ಇದ್ದ ಕೋಣೆಗೆ ಹೋಗುವುದನ್ನು ತಪ್ಪಿಸುತ್ತಿದ್ದೆ.

ಈಗ ಆ ದನಿ ನನ್ನ ತಲೆಯೊಳಗೆ ಕೂತಿತು. ನನ್ನ ಮಗಳು ಚಿಕ್ಕತ್ತೆಯ ಹಾಗೆ ಆಗುತ್ತದೆಯೇ? ಇದೊಂದೇ ಪ್ರಶ್ನೆ. ಊಟ ಸೇರಲಿಲ್ಲ. ಎದೆಯಲ್ಲಿ ಹಾಲು ಕಡಿಮೆಯಾಯಿತೆಂದು ಅಮ್ಮ ಬೈದಳು. ನಾನು ಯಾರಿಗೂ ಹೇಳದೆ ಪದ್ಮಾವತಿ ಅಮ್ಮನಿಗೆ ಹರಕೆ ಹೊತ್ತೆ. 'ಬೇರೆ ಏನು ಬೇಕಾದರೂ ಮಾಡು ತಾಯಿ, ಚಿಕ್ಕತ್ತೆಯ ಹಾಗೆ ಮಾತ್ರ ಮಾಡಬೇಡ' ಎಂದು ಬೇಡಿಕೊಂಡದ್ದು ಸರಿಯಾಗಿ ನೆನಪಿದೆ.

ಅತ್ತೆ ಎರಡು ದಿನ ಇದ್ದು, ಮೂರು ತಿಂಗಳು ತುಂಬುವ ಹೊತ್ತಿಗೆ ನಮ್ಮನ್ನು ಕರೆದೊಯ್ಯಲು ಬರುತ್ತೇನೆಂದು ಹೇಳಿ ಹೋದರು. ನಾನು ಇವರಿಗೆ ಇನ್‌ಲ್ಯಾಂಡ್ ಕಾಗದ ಬರೆದೆ. ಇವರು ಸಾಗರದ ಡಾಕ್ಟರೊಬ್ಬರನ್ನು ಕೇಳಿ ಉತ್ತರ ಬರೆದರು. ಇಷ್ಟು ಸಣ್ಣ ಮಗುವನ್ನು ನೋಡಿ ಈಗಲೇ ಏನೂ ಹೇಳಲಾಗುವುದಿಲ್ಲ, ಮೂರು ತಿಂಗಳು ಕಳೆದ ಮೇಲೆ ತೋರಿಸಿ, ಅಲ್ಲಿಯವರೆಗೆ ಗಮನಿಸುತ್ತಿರಿ ಎಂದಿದ್ದರಂತೆ. ಗಮನಿಸಲು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ನಡೆದ ಪರೀಕ್ಷೆಗಳನ್ನು ನೆನೆದರೆ ಈಗ ನಗು ಬರುತ್ತದೆ. ಮಗು ಎಚ್ಚರವಿದ್ದಾಗ ಅಮ್ಮ ಬಳೆ ಕುಲುಕಿದಳು. ಮಗು ತಿರುಗಿತು. ಅಮ್ಮ ಖುಷಿಯಿಂದ ಕೂಗಿದಳು. ಬಳೆಯ ಹೊಳಪು ನೋಡಿ ತಿರುಗಿರಬಹುದಲ್ಲ ಎಂದೆ ನಾನು. ಅಮ್ಮ ಬಳೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕುಲುಕಿದಳು. ಮಗು ಮಾಡಿನ ಹೆಂಚು ನೋಡುತ್ತಾ ಕಾಲು ಒದೆಯುತ್ತಿತ್ತು. ಮೀಯಿಸುವ ಅಜ್ಜಿ ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ 'ಹೋಯ್' ಎಂದು ಅರಚಿದಳು, ಮಗು ಬೆಚ್ಚಿತು. ಆದರೆ ಅರಚುವಾಗ ಅವಳ ಕಾಲೂ ಅದುರಿತ್ತು. ಅಜ್ಜಿ ಬಜೆ ತೇಯ್ದು ಮಗುವಿನ ನಾಲಿಗೆಗೆ ಮುಟ್ಟಿಸಿ, "ಮಾತು ಹೆಂಗೆ ಬರಲ್ಲ ನೋಡ್ತೀನಿ" ಎಂದಳು.

ಅಪ್ಪಯ್ಯ ಅಂಗಡಿಯಿಂದ ಒಂದು ತುಂಡು ಒರಟು ಗಾಡಾ ಬಟ್ಟೆ ತಂದರು. ಜವಳಿಯವರಿಗೆ ಗೊತ್ತಿರುವ ಸದ್ದು ಅದೊಂದೇ. ಮಗುವಿನ ಕಿವಿಯ ಪಕ್ಕ ಹಿಡಿದು ಪರ್ರನೆ ಹರಿದರು. ಮಗು ಕಣ್ಣು ಪಿಳುಕಿಸಿತು.

"ಕೇಳ್ತು! ನೋಡಿದ್ಯಾ, ಕೇಳ್ತು!" ಅಪ್ಪಯ್ಯನ ಕಣ್ಣಲ್ಲಿ ನೀರಿತ್ತು.

"ಹರಿಯುವಾಗ ಗಾಳಿ ಬಡೀತದೆ ಅಪ್ಪಯ್ಯ. ಮುಖಕ್ಕೆ ಗಾಳಿ ಬಡಿದ್ರೂ ಕಣ್ಣು ಮುಚ್ತದೆ."

"ನಿನ್ನನ್ನ ಓದ್ಸಿದ್ದೇ ತಪ್ಪಾತು" ಎಂದು ಹರಿದ ಬಟ್ಟೆಯನ್ನು ಮಡಿಸಿಕೊಂಡು ಹೊರಟುಹೋದರು. ಅದೇ ಬಟ್ಟೆಯಿಂದ ಅಮ್ಮ ಮಗುವಿಗೆ ನಾಲ್ಕು ಲಂಗೋಟಿ ಹೊಲಿದಳು.

ಈ ನಡುವೆ ಇನ್ನೊಂದು ರಗಳೆ ಇತ್ತು. ಮಂಗಳವಾರ ಬಂತೆಂದರೆ ಮಗು ಹಗಲು ಮಲಗುತ್ತಿರಲಿಲ್ಲ. ಹಾಲು ಕುಡಿದು ಕಣ್ಣು ಮುಚ್ಚಿದರೂ ತೊಟ್ಟಿಲಿಗೆ ಹಾಕಿದ ಐದು ನಿಮಿಷಕ್ಕೆ ಎದ್ದು ಅಳುತ್ತಿತ್ತು. ಬುಧವಾರ ಬೆಳಿಗ್ಗೆ ಮತ್ತೆ ಏನೂ ಆಗದ ಹಾಗೆ ನಿದ್ದೆ. ಅದು ಹುಟ್ಟಿದ್ದೂ ಮಂಗಳವಾರವೇ ಆದ್ದರಿಂದ ಅಮ್ಮನಿಗೆ ಸಂಶಯವೇ ಉಳಿಯಲಿಲ್ಲ. ಹುಟ್ಟಿದ ವಾರ ಕೂಸಿಗೆ ಭಾರವಾಗಿದೆ ಎಂದಳು. ಪ್ರತಿ ಮಂಗಳವಾರ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬಚ್ಚಲ ಒಲೆಗೆ ಹಾಕುತ್ತಿದ್ದಳು. ಮೆಣಸಿನ ಘಾಟಿಗೆ ಮಗು ಕೆಮ್ಮಿ ಇನ್ನಷ್ಟು ಅಳುತ್ತಿತ್ತು. ನಾನು ಕ್ಯಾಲೆಂಡರಿನಲ್ಲಿ ಸಾಲಾಗಿ ಮಂಗಳವಾರದ ಚೌಕಗಳಲ್ಲಿ 'ಅಳು, ಅಳು, ಅಳು' ಎಂದು ಬರೆಯುತ್ತಾ ಹೋದೆ. ಕಣ್ಣೆದುರಿಗೇ ಇದ್ದರೂ ನನಗೆ ಹೊಳೆಯಲಿಲ್ಲ.

ಎರಡೂವರೆ ತಿಂಗಳು ಆಗಿದ್ದಿರಬೇಕು. ಒಂದು ಗುರುವಾರ, ಮೀಯಿಸುವ ಅಜ್ಜಿ ಹೋದ ಮೇಲೆ, ನಾನು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಎರಡೂ ಕಿವಿಯ ಹತ್ತಿ ತೆಗೆದು ದಿಂಬಿನಡಿ ಅಡಗಿಸಿದೆ. ತಲೆಶೂಲೆ ಬಂದರೆ ಬರಲಿ ಎನಿಸಿತು. ಮಗುವಿಗೆ ಕೇಳುತ್ತದೋ ಇಲ್ಲವೋ ಎಂದು ಒಂದೂವರೆ ತಿಂಗಳಿಂದ ಒದ್ದಾಡುತ್ತಿರುವವಳು ನಾನು, ಆ ತೊಟ್ಟಿಲ ಹತ್ತಿರ ಕೇಳಲು ಏನಿದೆ ಎಂದು ನೋಡಿಯೇ ಇರಲಿಲ್ಲವಲ್ಲ ಎಂದು ಅವತ್ತು ಹೊಳೆದಿತ್ತು. ಹತ್ತಿ ತೆಗೆದದ್ದೇ ಮಿಲ್ಲಿನ ಸದ್ದು ಮೈಮೇಲೆ ಬಿದ್ದಂತಾಯಿತು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದವಳು ನಾನು. ಎರಡು ವರ್ಷ ಕಾರ್ಗಲ್ಲಿನಲ್ಲಿದ್ದು ಬಂದ ಮೇಲೆ, ಇಷ್ಟು ದಿನ ಹತ್ತಿ ಇಟ್ಟುಕೊಂಡ ಮೇಲೆ, ಅವತ್ತು ಮೊದಲ ಸಲವೆಂಬಂತೆ ಕೇಳಿದೆ. ದಡದಡ, ನಡುವೆ ಯಂತ್ರದ ಬೆಲ್ಟು ಹೊಡೆದುಕೊಳ್ಳುವ ಚಟ್ ಚಟ್, ಭತ್ತ ಸುರಿಯುವ ಸುರ್ರ್. ತೊಟ್ಟಿಲ ಕಟ್ಟಿಗೆ ಕೈಯಿಟ್ಟು ನೋಡಿದೆ, ಹಗ್ಗದಲ್ಲಿ ತೂಗುತ್ತಿದ್ದ ಅದಕ್ಕೆ ಗೋಡೆಯ ನಡುಕ ತಾಗುತ್ತಿರಲಿಲ್ಲ. ಮಗು ಬಾಯಿ ಅರೆ ತೆರೆದು ಮಲಗಿತ್ತು.

ನಾನು ನೋಡುತ್ತಲೇ ಇದ್ದೆ. ಮಿಲ್ಲು ನಿಂತಿತು.

ಊಟದ ಹೊತ್ತಾಗಿತ್ತು, ಅಷ್ಟೇ. ದಿನಾ ನಿಲ್ಲುವ ಹಾಗೆ ನಿಂತಿತ್ತು. ಮನೆಯೊಳಗೆ ಅಮ್ಮ ಸಾಸಿವೆ ಸಿಡಿಸುತ್ತಿದ್ದದ್ದು ಥಟ್ಟನೆ ಕೇಳಿತು. ಇನ್ನೂ ಅದು ಕೇಳುತ್ತಿರುವಾಗಲೇ ಮಗುವಿನ ಎರಡೂ ಕೈ ಮೇಲಕ್ಕೆದ್ದವು, ಬೆರಳು ಅಗಲವಾದವು, ಕಣ್ಣು ತೆರೆಯಿತು. ಒಂದು ಗಳಿಗೆ ಅತ್ತಿತ್ತ ನೋಡಿ, ಮುಖ ಕಿವುಚಿ ಅಳಲು ಶುರುಮಾಡಿತು. ಯಾರೂ ಅದನ್ನು ಮುಟ್ಟಿರಲಿಲ್ಲ. ಗಾಳಿ ಬೀಸಿರಲಿಲ್ಲ. ಹೊಳೆಯುವಂಥದ್ದು ಏನೂ ಇರಲಿಲ್ಲ.

ನಾನು ಮಗುವನ್ನು ಎತ್ತಿಕೊಳ್ಳುವುದನ್ನೂ ಮರೆತು ಕ್ಯಾಲೆಂಡರಿನ ಮುಂದೆ ನಿಂತೆ. ಎದ್ದ ಹೊತ್ತು: ಒಂದು ಗಂಟೆ. ಒಂದು ಗಂಟೆ. ಒಂದು ಐದು. ಸಂಜೆ ಐದೂವರೆ. ಐದೂವರೆ. ಹಸಿವಿನ ಹೊತ್ತು ಎಂದುಕೊಂಡು ಬರೆಯುತ್ತಾ ಬಂದಿದ್ದೆ. ಮಂಗಳವಾರ ಮಿಲ್ಲಿಗೆ ವಾರದ ರಜೆ. ತೀರ್ಥಹಳ್ಳಿಯ ಅಷ್ಟೂ ಜನರಿಗೆ ಗೊತ್ತಿದ್ದ ಸಂಗತಿ. ರಾತ್ರಿಯೂ ಮಿಲ್ಲು ನಿಂತಿರುತ್ತದೆ, ಅತ್ತೆ ಬಟ್ಟಲಿಗೆ ಹೊಡೆದಾಗ ಮಾತ್ರ ಅದು ಓಡುತ್ತಲೇ ಇತ್ತು. ನಾನು ಕೋಣೆಯಲ್ಲಿ ಕುಣಿದಾಡುವುದೊಂದು ಬಾಕಿ.

ಅಮ್ಮನನ್ನು ಕೂಗಿ ಕರೆದು ಹೇಳಿದೆ. ಅವಳು ಮೊದಲು ನೋಡಿದ್ದು ನನ್ನ ಬರೀ ಕಿವಿಯನ್ನು.

"ಅಯ್ಯೋ, ಹತ್ತಿ ಎಲ್ಲಿ? ಹುಚ್ಚು ಹಿಡ್ದಿದ್ಯಾ ನಿಂಗೆ?"

"ಅಮ್ಮ, ಮಗಿಗೆ ಕೇಳ್ತದೆ! ಮಿಲ್ಲು ನಿಂತ್ರೆ ಎಚ್ಚರ ಆಗ್ತದೆ!"

"ಮಿಲ್ಲು ನಿಂತಿದ್ಯಾ?" ಎಂದು ಅಮ್ಮ ಗೋಡೆಯ ಕಡೆ ತಿರುಗಿ ನೋಡಿದಳು.

ಅಮ್ಮ ನಂಬಿದಳು. ಆದರೆ ನಮ್ಮನ್ನು ಕರೆದೊಯ್ಯಲು ಅತ್ತೆ ಬಂದಾಗ, ನನ್ನ ಕ್ಯಾಲೆಂಡರು ನೋಡಿ ನಂಬಲಿಲ್ಲ. "ನಮಗೆ ಬೇಕು ಬೇಕು ಅಂದಾಗ ಎಲ್ಲಾ ಹಾಗೇ ಕಾಣ್ತದೆ ಮಗಾ" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಮಧ್ಯಾಹ್ನ ಒಂದಕ್ಕೆ ಎದ್ದದ್ದನ್ನು ತೋರಿಸಿದರೆ ಹಸಿವು ಎನ್ನುತ್ತಾರೆ ಎಂದು ಗೊತ್ತಿತ್ತು. ಹೊತ್ತಲ್ಲದ ಹೊತ್ತಲ್ಲಿ ಮಿಲ್ಲು ನಿಲ್ಲಬೇಕು ಎಂದೆ. ಅಪ್ಪಯ್ಯ ಮುಖ ಮುಖ ನೋಡಿದರು.

"ಮಿಲ್ಲು ನಿಲ್ಸಿ ಅಂತ ನಾನು ಹೆಂಗೆ ಕೇಳದು?"

"ಬಟ್ಟೆ ಹರಿದಿದ್ರಲ್ಲ, ಅಷ್ಟೇ ಧೈರ್ಯ ಸಾಕು" ಎಂದೆ.

ಮರುದಿನ ಬೆಳಿಗ್ಗೆ ಅವರು ಹೋಗಿ ಕೇಳಿದ್ದನ್ನು ಆಮೇಲೆ ಎಷ್ಟೋ ಸಲ ನಗುತ್ತಾ ಹೇಳಿದ್ದಾರೆ. ಮಿಲ್ಲಿನ ಮೇಸ್ತ್ರಿ ಪಾಪ, ಮೊದಲೇ ಕೈ ಮುಗಿದನಂತೆ.

"ಮಗಿನ ನಿದ್ದೆ ಹಾಳಾಗ್ತಿದ್ಯಾ ಅಯ್ಯ? ಮೊದ್ಲೇ ಹೇಳಬಾರ್ದಾ?"

"ಹಾಳಾಗ್ತಿಲ್ಲ ಮಾರಾಯ, ಚೆನ್ನಾಗಿ ನಿದ್ದೆ ಬರ್ತಿದೆ. ಅದಕ್ಕೇ ಒಂದ್ ಸಲ ನಿಲ್ಸು."

ಮೇಸ್ತ್ರಿಗೆ ಏನೂ ತಿಳಿಯಲಿಲ್ಲ, ಆದರೂ ಹನ್ನೊಂದಕ್ಕೆ ನಿಲ್ಲಿಸುತ್ತೇನೆಂದು ಒಪ್ಪಿದ. ಹತ್ತೂಕಾಲಿಗೆ ಮಗುವಿಗೆ ಹೊಟ್ಟೆ ತುಂಬ ಹಾಲು ಕುಡಿಸಿ ತೊಟ್ಟಿಲಿಗೆ ಹಾಕಿದೆ, ಹಸಿವೆಂಬ ಮಾತು ಯಾರೂ ಎತ್ತದಿರಲೆಂದು. ಅತ್ತೆ ಕುಲಾವಿ ಬಿಚ್ಚಿ ತೊಟ್ಟಿಲ ಪಕ್ಕ ಕೂತರು. ಅಮ್ಮ ಬಾಗಿಲಲ್ಲಿ ನಿಂತಳು. ಅಪ್ಪಯ್ಯ ಅಂಗಡಿ ಬಿಟ್ಟು ಬಂದು ಕಿಟಕಿಯ ಹೊರಗೆ ನಿಂತರು. ನಾನು ಗುರುವಾರ ನೋಡಿದ್ದು ಆಕಸ್ಮಿಕವಾಗಿದ್ದರೆ? ನನ್ನ ಆಸೆಯೇ ನನಗೆ ಹಾಗೆ ಬರೆಸಿದ್ದರೆ?

ಮಿಲ್ಲು ನಿಂತಿತು. ಮಗುವಿನ ಕೈ ಮೇಲೆದ್ದಿತು, ಬೆರಳು ಬಿಚ್ಚಿತು. ಕಣ್ಣು ತೆರೆದು ಅಳತೊಡಗಿತು.

ಅತ್ತೆ ಅಲುಗಲಿಲ್ಲ. "ಮತ್ತೊಂದ್ ಸಲ" ಎಂದರು. ಅಪ್ಪಯ್ಯ ಓಡಿದರು. ಮಿಲ್ಲು ಶುರುವಾಯಿತು, ತೊಟ್ಟಿಲು ತೂಗಿದೆ, ಅರ್ಧ ಗಂಟೆಗೆ ಮಗು ಮಲಗಿತು. ಮತ್ತೆ ನಿಲ್ಲಿಸಿದರು, ಮತ್ತೆ ಎದ್ದಿತು. ಭತ್ತ ತಂದವರು ಹೊರಗೆ ಬೈಯುತ್ತಿದ್ದದ್ದು ಈಗ ಎಲ್ಲರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು.

ಅತ್ತೆ ಅಳುವ ಮಗುವನ್ನು ಎತ್ತಿ ಎದೆಗೊತ್ತಿಕೊಂಡು ತಾವೂ ಅತ್ತರು. ಅವರು ಅತ್ತದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಮಗುವಿನ ಬೆನ್ನು ಸವರುತ್ತಾ ತಂಗಿಯ ವಿಷಯ ಹೇಳಿದರು.

"ಅವಳು ಹುಟ್ದಾಗ ನಂಗೆ ಎಂಟು ವರ್ಷ. ಅವಳಿಗೆ ಕೇಳಲ್ಲ ಅಂತ ಮನೇಲಿ ಗೊತ್ತಾಗಿದ್ದು ಮೂರು ವರ್ಷ ಕಳೆದ ಮೇಲೆ. ಅಲ್ಲೀವರೆಗೆ ಕರೆದ್ರೆ ಬರಲ್ಲ, ಹೇಳಿದ್ದು ಮಾಡಲ್ಲ, ಹಟಮಾರಿ ಅಂತ ನಮ್ಮಪ್ಪಯ್ಯ ಹೊಡೀತಿದ್ರು. ನಾನೂ ಹೊಡ್ದಿದೀನಿ. ನೀನು ಈ ಕೂಸನ್ನ ನೋಡ್ದಂಗೆ ಅವಳನ್ನ ಯಾರೂ ಕೂತು ನೋಡ್ಲಿಲ್ಲ ಮಗಾ."

ನಾನು ಗೆದ್ದೆನೆಂಬ ಸಂಭ್ರಮದಲ್ಲಿದ್ದೆ. ಆ ಮಾತನ್ನು ಕೇಳಿಸಿಕೊಂಡೆ, ಆದರೆ ಅದು ಒಳಗೆ ಇಳಿದದ್ದು ಆಮೇಲೆ. (ಸಾಗರದ ಡಾಕ್ಟರು ಮುಂದೆ ಮಗುವನ್ನು ನೋಡಿ ಕಿವಿ ಚೆನ್ನಾಗಿದೆ ಎಂದರು. ಮಿಲ್ಲಿನ ಕತೆ ಹೇಳಿದಾಗ, ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲವಲ್ಲ ಎಂದು ನಕ್ಕರು.)

ಮೂರು ತಿಂಗಳು ತುಂಬಿದ ಮೇಲೆ ಅತ್ತೆಯ ಜೊತೆ ಬಸ್ಸು ಹತ್ತಿ ಹೊಸನಗರಕ್ಕೆ ಹೋದೆವು. ಅಲ್ಲಿ ಮೂರು ದಿನ ಇದ್ದು, ಇವರು ಬಂದ ಮೇಲೆ ಸಾಗರದ ದಾರಿಯಾಗಿ ಕಾರ್ಗಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಬಸ್ಸಿನ ಇಂಜಿನ್ನಿನ ಸದ್ದಿಗೆ ಮಗಳು ದಾರಿಯುದ್ದಕ್ಕೂ ಗಡದ್ದಾಗಿ ನಿದ್ದೆ ಹೊಡೆಯಿತು. ಅತ್ತೆಯ ಮನೆ ಊರಂಚಿನ ಬೀದಿಯಲ್ಲಿ. ಅಲ್ಲಿ ಸದ್ದೆಂದರೆ ಬಾವಿಯ ಗಡಗಡೆಯದು, ಅದೂ ದಿನಕ್ಕೆರಡು ಸಲ. ಮಗು ಕಣ್ಣು ಮುಚ್ಚಲಿಲ್ಲ. ಒಂದು ಹಗಲು, ಒಂದು ರಾತ್ರಿ, ಮರುದಿನ ಬೆಳಗು. ಹಾಡಿದೆವು, ತೂಗಿದೆವು, ಅತ್ತೆ ಒನಕೆಯಿಂದ ಖಾಲಿ ಒರಳು ಕುಟ್ಟಿದರು, ನಾನು ರೇಡಿಯೋ ದೊಡ್ಡದು ಮಾಡಿದೆ. ಯಾವುದೂ ನಡೆಯಲಿಲ್ಲ. ಮಗುವಿನ ದನಿ ಒಡೆದುಹೋಗಿತ್ತು. ನಾನು ಅದನ್ನು ಎತ್ತಿಕೊಂಡು ಜಗಲಿಯಲ್ಲಿ ತಿರುಗುತ್ತಾ, ಇದನ್ನು ನೋಡಿ ಬರೆದಿಟ್ಟು ಕಂಡುಹಿಡಿದ ಜಾಣೆಗೆ ಮಲಗಿಸಲು ಬರುವುದಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಚಿಕ್ಕತ್ತೆ ಜಗಲಿಯ ಮೂಲೆಯಲ್ಲಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ನಾವು ಬಂದಾಗಿನಿಂದ ಅವರು ಮಗುವನ್ನು ದೂರದಿಂದ ನೋಡುತ್ತಿದ್ದರೇ ಹೊರತು ಹತ್ತಿರ ಬಂದಿರಲಿಲ್ಲ. ನಾನೂ ಕೊಟ್ಟಿರಲಿಲ್ಲ. ಅವತ್ತು ಮೊರ ಪಕ್ಕಕ್ಕಿಟ್ಟು ಎದ್ದು ಬಂದು ಎರಡೂ ಕೈ ಚಾಚಿದರು. ನಾನು ಒಂದು ಗಳಿಗೆ ತಡೆದೆ. ಸುಸ್ತಾಗಿತ್ತು, ಕೊಟ್ಟೆ.

ಅವರು ಮಗುವನ್ನು ಎದೆಯ ಮೇಲೆ ಕವುಚಿ ಹಾಕಿಕೊಂಡು, ಅದರ ತಲೆಯನ್ನು ತಮ್ಮ ಕುತ್ತಿಗೆಗೆ ಒತ್ತಿಕೊಂಡು ಕೂತರು. ಬೆನ್ನು ತಟ್ಟುತ್ತಾ ಅವರ ಗಂಟಲಿನಿಂದ ಆ ದನಿ ಹೊರಟಿತು. ಮ್ ಮ್ ಎಂದು, ಏರಿಲ್ಲ, ಇಳಿವಿಲ್ಲ, ನಿಲ್ಲುವುದೂ ಇಲ್ಲ. ಮಗುವಿನ ಅಳು ಕಡಿಮೆಯಾಯಿತು. ಅದರ ಮುಷ್ಟಿ ಅವರ ರವಕೆಯ ಮೇಲೆ ಸಡಿಲವಾಯಿತು. ಕಣ್ಣು ಮುಚ್ಚಿತು.

ಒಳಗಿಂದ ಬಂದ ಅತ್ತೆ ಅಲ್ಲೇ ನಿಂತುಬಿಟ್ಟರು. ಆಮೇಲೆ ತಂಗಿಯ ಮುಂದೆ ಕೂತು, ಅವರ ಒಂದು ಕೈಯನ್ನು ಎತ್ತಿ ಅವರದೇ ಗಂಟಲಿನ ಮೇಲೆ ಇಟ್ಟರು. ಮತ್ತೆ ಮಗುವಿನ ಕಿವಿ ತೋರಿಸಿದರು. ಮಲಗಿದೆ ಎಂದು ಕೆನ್ನೆಗೆ ಅಂಗೈ ಹಚ್ಚಿ ಸನ್ನೆ ಮಾಡಿದರು. ಚಿಕ್ಕತ್ತೆಗೆ ಮೊದಲು ತಿಳಿಯಲಿಲ್ಲ. ಗಂಟಲಿನ ಮೇಲೆ ಕೈಯಿಟ್ಟುಕೊಂಡೇ ಇನ್ನೊಮ್ಮೆ ದನಿ ಹೊರಡಿಸಿ ನೋಡಿದರು, ನಿಲ್ಲಿಸಿದರು. ನಿಲ್ಲಿಸಿದ್ದಕ್ಕೆ ಮಗು ಮಿಸುಕಿತು. ಗಾಬರಿಯಿಂದ ಮತ್ತೆ ಶುರುಮಾಡಿದರು, ಮಗು ಸುಮ್ಮನಾಯಿತು. ಆಗ ಅವರ ಮುಖ ತುಂಬ ನಗು ಬಂತು. ಅಷ್ಟು ವಯಸ್ಸಿನವರೆಗೆ ಅವರ ದನಿ ಯಾರಿಗಾದರೂ ಬೇಕಾದದ್ದು ಅದೇ ಮೊದಲಿರಬೇಕು.

ನಾನು ಕಂಬ ಹಿಡಿದು ನಿಂತಿದ್ದೆ. ನನ್ನ ಹರಕೆ ನೆನಪಾಗಿ ನಾಚಿಕೆಯಾಯಿತು.

"ಚಿಕ್ಕತ್ತೆನ ನಮ್ಮ ಸಂಗ್ತಿ ಕಾರ್ಗಲ್ಲಿಗೆ ಕರ್ಕೊಂಡು ಹೋಗ್ಲಾ?" ಎಂದು ಅತ್ತೆಯನ್ನು ಕೇಳಿದೆ.

"ನನ್ನನ್ಯಾಕೆ ಕೇಳ್ತೀಯ? ಅವಳನ್ನ ಕೇಳು."

ನಾನು ಚಿಕ್ಕತ್ತೆಯ ಮುಂದೆ ಹೋಗಿ ಕೂತೆ. ಹೇಗೆ ಕೇಳಬೇಕೆಂದು ಗೊತ್ತಾಗಲಿಲ್ಲ. ಆ ಮನೆಯ ಸೊಸೆಯಾಗಿ ಎರಡು ವರ್ಷ ಕಳೆದಿದ್ದರೂ ನಾನು ಅವರ ಒಂದು ಸನ್ನೆಯನ್ನೂ ಕಲಿತಿರಲಿಲ್ಲ. ಮಗುವನ್ನು ತೋರಿಸಿದೆ, ನನ್ನನ್ನು ತೋರಿಸಿಕೊಂಡೆ, ಅವರನ್ನು ತೋರಿಸಿದೆ, ಆಮೇಲೆ ಬೀದಿಯ ಕಡೆ ಕೈ ಚಾಚಿ ಬಸ್ಸಿನ ಸ್ಟಿಯರಿಂಗ್ ತಿರುಗಿಸಿದ ಹಾಗೆ ಮಾಡಿದೆ. ಅವರು ನನ್ನ ಕೈಯನ್ನು, ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅತ್ತೆಯ ಕಡೆ ನೋಡಿದರು. ಆಮೇಲೆ ಎದ್ದು, ಮಗುವನ್ನು ಹೆಗಲ ಮೇಲಿಂದ ಇಳಿಸದೆಯೇ ಒಳಗೆ ಹೋಗಿ, ಒಂದೇ ಕೈಯಲ್ಲಿ ತಮ್ಮ ಸೀರೆಗಳನ್ನು ಮಡಿಸತೊಡಗಿದರು.